ಕಿವಿಯೊಳಗಿನಿಂದ ಬರುವ ಸದ್ದು

ಹೋದ ತಿಂಗಳು ಈ ಅಂಕಣದಲ್ಲಿ ಎಳೆ ಮಕ್ಕಳ ಕಿವಿ ಪರೀಕ್ಷೆಯ ಬಗ್ಗೆ ಬರೆಯುವಾಗ "ಆರೋಗ್ಯವಾಗಿರುವ ಕಿವಿ ತಾನೂ ಸದ್ದು ಮಾಡುತ್ತದೆ" ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೆ. ಉಳಿದ ಲೇಖನದ ಬಗ್ಗೆ ಯಾರೂ ಏನೂ ಕೇಳಲಿಲ್ಲ, ಆ ಒಂದು ಸಾಲಿಗೆ ಮಾತ್ರ ಪತ್ರದ ಮೇಲೆ ಪತ್ರ. "ಮುದ್ರಣ ದೋಷವೇ?" ಎಂದು ಕೇಳಿದವರೂ ಇದ್ದಾರೆ. ದೋಷವಲ್ಲ. ದಿನವೂ ಹತ್ತಾರು ಕಿವಿಗಳಿಂದ ಆ ಸದ್ದನ್ನು ಹಿಡಿದು ಅಳೆಯುವುದೇ ನನ್ನ ಕೆಲಸ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ ಮೀಸಲು.

ಪ್ರಶ್ನೆ: ಮೇಡಂ, ನನ್ನ ಮಗಳು ಹುಟ್ಟಿದ ಎರಡನೇ ದಿನ ಕಿವಿ ಟೆಸ್ಟ್ ಮಾಡಿದರು. ಮಗು ಹಾಲು ಕುಡಿದು ನಿದ್ದೆ ಹೋಗಿತ್ತು. ಕಿವಿಗೆ ಒಂದು ಸಣ್ಣ ರಬ್ಬರ್ ತುದಿ ಇಟ್ಟರು, ಸ್ವಲ್ಪ ಹೊತ್ತಿಗೆ "ಪಾಸ್" ಅಂದರು. ನಿದ್ದೆ ಮಾಡುವ ಮಗುವಿಗೆ ಕೇಳಿಸಿತು ಅಂತ ಮೆಷಿನ್‌ಗೆ ಹೇಗೆ ಗೊತ್ತಾಯಿತು?

ಮಗುವಿಗೆ ಕೇಳಿಸಿತೋ ಇಲ್ಲವೋ ಅಂತ ಮೆಷಿನ್ ನೋಡಲೇ ಇಲ್ಲ. ಮಗುವಿನ ಕಿವಿ ವಾಪಸ್ ಸದ್ದು ಮಾಡಿತೋ ಇಲ್ಲವೋ ಅಂತ ನೋಡಿತು. ನಾವು ಓಎಇ (ಒಟೊಅಕೌಸ್ಟಿಕ್ ಎಮಿಷನ್, ಅಂದರೆ ಕಿವಿ ಹೊರಡಿಸುವ ಸದ್ದು) ಟೆಸ್ಟ್ ಅನ್ನುವುದು ಇದನ್ನೇ.

ಆ ರಬ್ಬರ್ ತುದಿಯ ಹಿಂದೆ ಒಂದು ಪುಟಾಣಿ ಸ್ಪೀಕರ್ ಮತ್ತು ಒಂದು ಪುಟಾಣಿ ಮೈಕ್ ಇರುತ್ತವೆ. ಸ್ಪೀಕರ್ "ಟಕ್" ಎಂದು ಒಂದು ಸಣ್ಣ ಸದ್ದು ಒಳಗೆ ಬಿಡುತ್ತದೆ, ಬಿಟ್ಟು ಸುಮ್ಮನಾಗುತ್ತದೆ. ಆಮೇಲೆ ಮೈಕ್ ಕಾಯುತ್ತದೆ. ಎಷ್ಟು ಹೊತ್ತು? ಹೆಚ್ಚೆಂದರೆ 20 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡನ್ನು 50 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಅಷ್ಟರಲ್ಲಿ ಮಗುವಿನ ಒಳಗಿವಿಯಿಂದ ಒಂದು ಮರುಸದ್ದು ಹೊರಟು, ನಡುಗಿವಿ ದಾಟಿ, ಕಿವಿತಮಟೆಯನ್ನು ಒಳಗಿನಿಂದ ಅಲುಗಾಡಿಸಿ ಹೊರಗೆ ಬರುತ್ತದೆ. ಅದು ತೀರಾ ಸಣ್ಣದು, ಮಗುವಿನ ಉಸಿರಿನ ಸದ್ದಿನಲ್ಲೇ ಮುಳುಗಿ ಹೋಗುವಷ್ಟು. ಅದಕ್ಕೇ ಮೆಷಿನ್ ನೂರಾರು ಸಲ ಟಕ್ ಟಕ್ ಅನ್ನಿಸಿ, ಬಂದ ಉತ್ತರಗಳನ್ನೆಲ್ಲ ಒಂದರ ಮೇಲೊಂದು ಸೇರಿಸಿ ಸರಾಸರಿ ತೆಗೆಯುತ್ತದೆ. ಉಸಿರಾಟದ ಸದ್ದು ಪ್ರತಿ ಸಲವೂ ಬೇರೆ ಬೇರೆ, ಹಾಗಾಗಿ ಅದು ಅಳಿಸಿಹೋಗುತ್ತದೆ. ಕಿವಿಯ ಉತ್ತರ ಪ್ರತಿ ಸಲವೂ ಒಂದೇ ಥರ, ಅದು ಉಳಿದುಕೊಳ್ಳುತ್ತದೆ. ಪರದೆಯ ಮೇಲೆ ಮೊದಲು ಬರೀ ಗೀಚಿದ ಹಾಗೆ ಕಾಣುವ ಗೆರೆ, ನೋಡನೋಡುತ್ತಿದ್ದಂತೆ ಒಂದು ಅಲೆಯಾಗಿ ನಿಲ್ಲುತ್ತದೆ. ಎಷ್ಟು ವರ್ಷದಿಂದ ನೋಡುತ್ತಿದ್ದರೂ ಆ ಕ್ಷಣಕ್ಕೆ ನನಗೆ ಈಗಲೂ ಖುಷಿಯಾಗುತ್ತದೆ.

ಇದು ಗೋಡೆಗೆ ಬಡಿದು ಬರುವ ಪ್ರತಿಧ್ವನಿಯಂಥದ್ದು ಇರಬಹುದಲ್ಲ ಎಂದು ಇನ್ನೊಬ್ಬರು ಕೇಳಿದ್ದಾರೆ. ಒಳ್ಳೆಯ ಅನುಮಾನ. ಆದರೆ ಲೆಕ್ಕ ಹಾಕಿ ನೋಡಿ. ದೊಡ್ಡವರ ಕಿವಿಯ ಕೊಳವೆಯೇ ಸುಮಾರು ಎರಡೂವರೆ ಸೆಂಟಿಮೀಟರ್, ಮಗುವಿನದು ಇನ್ನೂ ಚಿಕ್ಕದು. ಅಲ್ಲಿ ಬಡಿದು ವಾಪಸಾಗುವ ಸದ್ದಿಗೆ ಒಂದು ಮಿಲಿಸೆಕೆಂಡ್ ಕೂಡ ಬೇಡ. ಇದು ಬರುವುದು 5ರಿಂದ 20 ಮಿಲಿಸೆಕೆಂಡ್ ತಡವಾಗಿ. ಅದೂ ಎಲ್ಲ ಒಟ್ಟಿಗೆ ಬರುವುದಿಲ್ಲ, ಕೀಚಲು ಸದ್ದು ಮೊದಲು, ದಪ್ಪ ಸದ್ದು ಆಮೇಲೆ. ಅಂದರೆ ಒಳಗೆ ಯಾರೋ ಒಂದಷ್ಟು ದೂರ ಹೋಗಿ, ಕೆಲಸ ಮಾಡಿ, ವಾಪಸ್ ಕಳಿಸುತ್ತಿದ್ದಾರೆ.

ಇದನ್ನು ಮೊದಲು ಹಿಡಿದು ತೋರಿಸಿದವರು ಲಂಡನ್ನಿನ ಡೇವಿಡ್ ಕೆಂಪ್, 1978ರಲ್ಲಿ. ಆದರೆ ಹೀಗೆ ಇರಲೇಬೇಕು ಎಂದು ಅದಕ್ಕೂ 30 ವರ್ಷ ಮುಂಚೆ, 1948ರಲ್ಲೇ, ಥಾಮಸ್ ಗೋಲ್ಡ್ ಎನ್ನುವ ಯುವ ವಿಜ್ಞಾನಿ ಬರೆದಿದ್ದರು. ಅವರ ತರ್ಕ ತುಂಬ ಸರಳ. ಒಳಗಿವಿಯ ತುಂಬ ನೀರಿನಂಥ ದ್ರವ. ದ್ರವದೊಳಗೆ ತಂತಿ ಮೀಟಿದರೆ ಅದು ಕಂಪಿಸುವುದೇ ಇಲ್ಲ, ತಕ್ಷಣ ನಿಂತುಬಿಡುತ್ತದೆ. ಹಾಗಿದ್ದೂ ನಮ್ಮ ಕಿವಿ ಇಷ್ಟು ಸೂಕ್ಷ್ಮವಾಗಿ ಒಂದು ಸ್ವರದಿಂದ ಇನ್ನೊಂದನ್ನು ಬೇರೆ ಮಾಡುತ್ತದೆ ಎಂದರೆ, ಒಳಗೆ ಯಾವುದೋ ಶಕ್ತಿ ಆ ಕಂಪನಕ್ಕೆ ಆಸರೆ ಕೊಟ್ಟು ನಡೆಸುತ್ತಿರಬೇಕು. ಹಾಗೆ ಶಕ್ತಿ ತುಂಬುವ ವ್ಯವಸ್ಥೆ ಸ್ವಲ್ಪ ಹದ ತಪ್ಪಿದರೂ ತಾನೇ ಸದ್ದು ಮಾಡತೊಡಗುತ್ತದೆ. ಮೈಕನ್ನು ಸ್ಪೀಕರ್ ಹತ್ತಿರ ತಂದರೆ "ಕುಂಯ್" ಅನ್ನುತ್ತದಲ್ಲ, ಹಾಗೆ. ಗೋಲ್ಡ್ ಕಿವಿಗೆ ಮೈಕ್ ಇಟ್ಟು ಹುಡುಕಿದರು ಕೂಡ. ಆಗಿನ ಮೈಕುಗಳಿಗೆ ಅದು ಸಿಕ್ಕಲಿಲ್ಲ. ಅವರು ಖಗೋಳ ವಿಜ್ಞಾನದ ಕಡೆ ಹೊರಟುಹೋದರು, ಅಲ್ಲಿ ದೊಡ್ಡ ಹೆಸರು ಮಾಡಿದರು. ಕಿವಿಯ ವಿಷಯ ಹಾಗೇ ಬಿದ್ದಿತ್ತು.

ಇನ್ನು ನಿಮ್ಮ ಮಗಳ ವಿಷಯಕ್ಕೆ ಬರುತ್ತೇನೆ. "ಪಾಸ್" ಅಂದರೆ ಒಳಗಿವಿ ಆ ಹೊತ್ತಿಗೆ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಅರ್ಥ. ಒಳಗಿವಿಯಿಂದ ಮಿದುಳಿಗೆ ಹೋಗುವ ನರದ ಬಗ್ಗೆ ಈ ಟೆಸ್ಟ್ ಏನೂ ಹೇಳುವುದಿಲ್ಲ. ಕೆಲವು ಮಕ್ಕಳಲ್ಲಿ ಒಳಗಿವಿಯ ಸದ್ದು ಚೆನ್ನಾಗಿ ಬರುತ್ತದೆ, ಆದರೆ ನರದ ದಾರಿಯಲ್ಲಿ ತೊಂದರೆ ಇರುತ್ತದೆ. ಅದಕ್ಕೆ ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಸದ್ದಿಗೆ ನರ ಕೊಡುವ ಉತ್ತರ ನೋಡುವ ಬೇರಾ (BERA) ಎನ್ನುವ ಟೆಸ್ಟ್ ಬೇಕು. ತಿಂಗಳು ತುಂಬದೆ ಹುಟ್ಟಿ ಐಸಿಯುನಲ್ಲಿ ಇದ್ದ ಮಕ್ಕಳಿಗೆ, ಕಾಮಾಲೆ ಜೋರಾಗಿದ್ದ ಮಕ್ಕಳಿಗೆ ಬೇರಾ ಮಾಡಿಸಲೇಬೇಕು.

ಹಾಗೇ ಮೊದಲ ಸಲ "ಪಾಸ್" ಬರದಿದ್ದರೆ ಗಾಬರಿಯಾಗಬೇಡಿ. ಹುಟ್ಟಿದ ಒಂದೆರಡು ದಿನ ಕಿವಿಯಲ್ಲಿ ನೀರು, ಮೈಗೆ ಅಂಟಿದ್ದ ಬಿಳಿ ಪದಾರ್ಥ ಉಳಿದಿರುತ್ತದೆ, ಸದ್ದು ಒಳಗೂ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ. ಆದರೆ ಮತ್ತೆ ಬರಲು ಹೇಳಿದ ದಿನ ಮಾತ್ರ ತಪ್ಪಿಸಬೇಡಿ. ಒಂದು ತಿಂಗಳೊಳಗೆ ಟೆಸ್ಟ್, ಮೂರು ತಿಂಗಳೊಳಗೆ ತೊಂದರೆ ಇದೆಯೋ ಇಲ್ಲವೋ ಎನ್ನುವ ತೀರ್ಮಾನ, ಆರು ತಿಂಗಳೊಳಗೆ ಚಿಕಿತ್ಸೆ ಶುರು. ಇದು ನಾವೆಲ್ಲ ಹಿಡಿದುಕೊಂಡಿರುವ ಲೆಕ್ಕ. ಮಗು ಮಾತು ಕಲಿಯುವುದು ಬಾಯಿ ಬಿಡುವುದಕ್ಕೆ ಬಹಳ ಮುಂಚೆ, ಕಿವಿಯಿಂದ. "ಇನ್ನೂ ಚಿಕ್ಕದು, ನೋಡೋಣ" ಎಂದು ಎರಡು ವರ್ಷ ಕಾದು ಬಂದ ತಂದೆ ತಾಯಿಯರನ್ನು ನೋಡಿದಾಗ ನನಗೆ ತುಂಬ ಸಂಕಟವಾಗುತ್ತದೆ.

ಪ್ರಶ್ನೆ: ಕಿವಿ ಅಂದರೆ ಮೈಕ್ ಇದ್ದ ಹಾಗೆ ಎಂದು ಶಾಲೆಯಲ್ಲಿ ಕಲಿತಿದ್ದು. ಮೈಕ್ ಸದ್ದು ಮಾಡುವುದಿಲ್ಲವಲ್ಲ? ಒಳಗೆ ನಿಜವಾಗಿ ಏನು ನಡೆಯುತ್ತದೆ, ಸ್ವಲ್ಪ ಬಿಡಿಸಿ ಹೇಳಿ.

ಮೈಕ್ ಅನ್ನುವ ಹೋಲಿಕೆಯೇ ತಪ್ಪುದಾರಿಗೆ ಎಳೆಯುತ್ತದೆ. ಮೈಕ್ ಸುಮ್ನೆ ಕೂತು ಬಂದದ್ದನ್ನು ತೆಗೆದುಕೊಳ್ಳುತ್ತದೆ. ಕಿವಿ ಹಾಗೆ ಸುಮ್ನೆ ಕೂರುವುದೇ ಇಲ್ಲ.

ಮೊದಲು ದಾರಿ ನೋಡೋಣ. ಗಾಳಿಯಲ್ಲಿ ಬಂದ ಸದ್ದು ಕಿವಿತಮಟೆಯನ್ನು ಅಲುಗಿಸುತ್ತದೆ. ಅದರ ಹಿಂದೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳು. ರಿಕಾಪು ಸುಮಾರು 3 ಮಿಲಿಮೀಟರ್ ಉದ್ದ, ಇಡೀ ದೇಹದಲ್ಲೇ ಅತಿ ಚಿಕ್ಕ ಮೂಳೆ. ಈ ಮೂಳೆಗಳು ಯಾಕೆ ಬೇಕು? ನೀರಿನಲ್ಲಿ ಮುಳುಗಿದವರಿಗೆ ದಡದಲ್ಲಿ ನಿಂತು ಎಷ್ಟು ಕೂಗಿದರೂ ಸರಿಯಾಗಿ ಕೇಳಿಸುವುದಿಲ್ಲ ಅಲ್ವಾ? ಗಾಳಿಯ ಸದ್ದು ನೀರಿನ ಮೇಲ್ಮೈಗೆ ಬಡಿದು ಬಹುಪಾಲು ವಾಪಸಾಗುತ್ತದೆ. ಒಳಗಿವಿಯೂ ದ್ರವದಿಂದ ತುಂಬಿದೆ, ಅಲ್ಲೂ ಅದೇ ಕಷ್ಟ. ಹಾಗಾಗಿ ಅಗಲವಾದ ಕಿವಿತಮಟೆಯ ಮೇಲೆ ಬಿದ್ದ ಒತ್ತಡವನ್ನೆಲ್ಲ ಈ ಮೂಳೆಗಳು ಅದಕ್ಕಿಂತ ಸುಮಾರು 17 ಪಟ್ಟು ಚಿಕ್ಕದಾದ ಒಂದು ಕಿಟಕಿಯ ಮೇಲೆ ತಂದು ಒತ್ತುತ್ತವೆ. ಅಗಲ ತಲೆಯ ಗುಂಡುಪಿನ್ನನ್ನು ಬೆರಳಿನಿಂದ ಒತ್ತಿದರೆ ಮೊನೆ ಚುಚ್ಚುವ ಹಾಗೆ.

ಕಿಟಕಿಯ ಆಚೆ ಇರುವುದೇ ಕಾಕ್ಲಿಯಾ. ಬಸವನಹುಳುವಿನ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುತ್ತಿಕೊಂಡ ಕೊಳವೆ. ಬಿಚ್ಚಿದರೆ 35 ಮಿಲಿಮೀಟರ್ ಆದೀತು. ಅದರ ಉದ್ದಕ್ಕೂ ಒಂದು ಪೊರೆ ಹಾಸಿದೆ. ಬಾಗಿಲ ಹತ್ತಿರ, ಅಂದರೆ ಆ ಕಿಟಕಿಯ ಕಡೆ, ಅದು ಕಿರಿದು, ಬಿಗಿ. ಒಳಗೆ ಹೋದ ಹಾಗೆ ಅಗಲ, ಸಡಿಲ. ಬಿಗಿ ಜಾಗ ಕೀಚಲು ಸದ್ದಿಗೆ ಕುಣಿಯುತ್ತದೆ, ಸಡಿಲ ಜಾಗ ದಪ್ಪ ಸದ್ದಿಗೆ. ನಮಗೆ ಕೇಳಿಸುವ 20,000 ಹರ್ಟ್ಸ್‌ನಿಂದ 20 ಹರ್ಟ್ಸ್‌ವರೆಗಿನ ಎಲ್ಲ ಸ್ವರಗಳೂ ಈ 35 ಮಿಲಿಮೀಟರಿನಲ್ಲಿ ತಂತಮ್ಮ ಜಾಗ ಹಿಡಿದು ಕೂತಿವೆ. ಮೇಲೆ ಹೇಳಿದೆನಲ್ಲ, ಕೀಚಲು ಸದ್ದಿನ ಉತ್ತರ ಮೊದಲು ಬರುತ್ತದೆ ಎಂದು, ಅದಕ್ಕೆ ಕಾರಣ ಇದೇ. ಅದರ ಜಾಗ ಬಾಗಿಲಲ್ಲೇ ಇದೆ. ದಪ್ಪ ಸದ್ದು ಕೊನೆಯ ಸುತ್ತಿನವರೆಗೂ ಹೋಗಿ ಬರಬೇಕು.

ಪೊರೆಯ ಮೇಲೆ ಇಂಥ ಅಲೆ ಹರಿಯುವುದನ್ನು ಕಣ್ಣಾರೆ ನೋಡಿ ತೋರಿಸಿದವರು ಗೇಯಾರ್ಗ್ ಫಾನ್ ಬೇಕೆಶಿ. 1961ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಅವರು ನೋಡಿದ್ದು ಸತ್ತವರ ಕಿವಿಗಳಲ್ಲಿ. ಅಲ್ಲಿ ಕಂಡ ಅಲೆ ಅಗಲವಾಗಿ ಹರಡಿಕೊಂಡಿತ್ತು, ಮೊಂಡಾಗಿತ್ತು. ಅಷ್ಟು ಮೊಂಡ ಅಲೆಯಿಂದ ಇಷ್ಟು ಚೂಪಾದ ಕೇಳುವಿಕೆ ಹೇಗೆ ಎನ್ನುವುದು ಬಹಳ ಕಾಲ ಒಗಟಾಗಿತ್ತು. ಆಮೇಲೆ ಬದುಕಿರುವ ಪ್ರಾಣಿಗಳ ಕಿವಿಯಲ್ಲಿ ಅಳೆದಾಗ ಅದೇ ಅಲೆ ಚೂಪಾಗಿ ಎದ್ದು ನಿಂತಿತ್ತು. ಜೀವ ಹೋದ ಕೂಡಲೇ ಮೊಂಡಾಯಿತು. ನನಗೆ ಈ ಇಡೀ ವಿಷಯದಲ್ಲಿ ಅತಿ ದೊಡ್ಡ ಮಾತು ಅನ್ನಿಸುವುದು ಇದೇ. ಕೇಳುವುದು ಕಿವಿಯ ಆಕಾರದಿಂದ ಆಗುವ ಕೆಲಸ ಅಲ್ಲ, ಜೀವಂತ ಕೋಶಗಳು ಕ್ಷಣಕ್ಷಣವೂ ದುಡಿದು ಮಾಡುವ ಕೆಲಸ.

ಯಾವ ಕೋಶಗಳು? ಪೊರೆಯ ಮೇಲೆ ಉದ್ದಕ್ಕೂ ರೋಮಕೋಶಗಳ ಸಾಲುಗಳಿವೆ. ಒಳಗಡೆ ಒಂದು ಸಾಲು, ಸುಮಾರು 3,500 ಕೋಶ. ಹೊರಗಡೆ ಮೂರು ಸಾಲು, ಸುಮಾರು 12,000. ಒಂದು ಕಿವಿಗೆ ಇಷ್ಟೇ. ಜೀವಮಾನವಿಡೀ ಕೇಳುವ ಮಾತು, ಹಾಡು, ಮಳೆಯ ಸದ್ದು ಎಲ್ಲ ಮಿದುಳಿಗೆ ಮುಟ್ಟುವುದು ಮುಖ್ಯವಾಗಿ ಆ 3,500 ಒಳಸಾಲಿನ ಕೋಶಗಳಿಂದ. ಪ್ರತಿ ಕೋಶದ ತಲೆಯ ಮೇಲೆ ಮೆಟ್ಟಿಲಿನ ಹಾಗೆ ಎತ್ತರ ತಗ್ಗಾಗಿ ನಿಂತ ಸಣ್ಣ ರೋಮಗಳ ಕಂತೆ ಇದೆ. ಗಿಡ್ಡ ರೋಮದ ತುದಿಯನ್ನು ಪಕ್ಕದ ಉದ್ದ ರೋಮಕ್ಕೆ ಒಂದು ದಾರ ಕಟ್ಟಿ ಹಿಡಿದಿದೆ. ಅಲೆ ಬಂದು ಕಂತೆ ವಾಲಿದಾಗ ದಾರ ಜಗ್ಗುತ್ತದೆ, ಒಂದು ಬಾಗಿಲು ತೆರೆಯುತ್ತದೆ, ಪೊಟ್ಯಾಸಿಯಂ ಒಳಗೆ ನುಗ್ಗುತ್ತದೆ, ಕೋಶದಲ್ಲಿ ವಿದ್ಯುತ್ ಬದಲಾಗುತ್ತದೆ, ನರಕ್ಕೆ ಸುದ್ದಿ ಹೋಗುತ್ತದೆ. ಸದ್ದು ಸಂಕೇತವಾಗುವುದು ಆ ದಾರ ಜಗ್ಗಿದ ಜಾಗದಲ್ಲಿ. ತೀರಾ ಮೆಲ್ಲನೆಯ ಸದ್ದಿಗೆ ಪೊರೆ ಅಲುಗುವುದು ಒಂದು ನ್ಯಾನೋಮೀಟರಿಗಿಂತ ಕಡಿಮೆ. ನಿಮ್ಮ ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್, ಅದರ ಪಕ್ಕ ಇದನ್ನು ಇಟ್ಟು ಯೋಚಿಸಿ.

ಹಾಗಾದರೆ ಹೊರಗಿನ ಆ 12,000 ಕೋಶ ಏನು ಮಾಡುತ್ತವೆ? ಅವು ಕುಣಿಯುತ್ತವೆ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೇ. ವಿದ್ಯುತ್ ಬದಲಾದ ತಕ್ಷಣ ಆ ಕೋಶ ಗಿಡ್ಡವಾಗುತ್ತದೆ, ಮತ್ತೆ ಉದ್ದವಾಗುತ್ತದೆ, ಸೆಕೆಂಡಿಗೆ ಸಾವಿರಾರು ಸಲ. 1980ರ ದಶಕದಲ್ಲಿ ವಿಲಿಯಂ ಬ್ರೌನೆಲ್ ಮತ್ತು ಅವರ ಜೊತೆಯವರು ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಆಮೇಲೆ ಪ್ರಯೋಗಾಲಯವೊಂದರಲ್ಲಿ ಒಂದೇ ಒಂದು ಕೋಶಕ್ಕೆ ಹಾಡಿನ ವಿದ್ಯುತ್ ಸಂಕೇತ ಕೊಟ್ಟರು, ಕೋಶ ತಾಳಕ್ಕೆ ಸರಿಯಾಗಿ ಕುಣಿಯಿತು. ಆ ವಿಡಿಯೊ ನೋಡಿದ ದಿನ ನನಗೆ ಬೇರೆ ಕೆಲಸಕ್ಕೆ ಮನಸ್ಸೇ ಹೋಗಲಿಲ್ಲ. ಹೀಗೆ ಕುಣಿಸುವ ಪ್ರೋಟೀನ್ 2000ದಲ್ಲಿ ಸಿಕ್ಕಿತು. ಸಂಗೀತದಲ್ಲಿ ವೇಗದ ಲಯಕ್ಕೆ ಇಟಲಿಯವರು ಪ್ರೆಸ್ಟೋ ಅನ್ನುತ್ತಾರೆ, ಅದರಿಂದ ಪ್ರೆಸ್ಟಿನ್ ಎಂದು ಹೆಸರಿಟ್ಟರು.

ಕುಣಿದರೆ ಏನಾಗುತ್ತದೆ? ಜೋಕಾಲಿಯಲ್ಲಿ ಕೂತ ಮಗುವನ್ನು ನೆನೆಸಿಕೊಳ್ಳಿ. ಜೋಕಾಲಿ ಹಿಂದಕ್ಕೆ ಬಂದು ತಿರುಗುವ ಕ್ಷಣಕ್ಕೆ ಸರಿಯಾಗಿ ಒಂದು ಬೆರಳಿನಿಂದ ತಳ್ಳಿದರೂ ಸಾಕು, ಪ್ರತಿ ಸುತ್ತಿಗೂ ಜಾಸ್ತಿ ಎತ್ತರಕ್ಕೆ ಹೋಗುತ್ತದೆ. ಹೊರಸಾಲಿನ ಕೋಶಗಳು ಪೊರೆಯನ್ನು ಹಾಗೆ ಹೊತ್ತು ನೋಡಿ ತಳ್ಳುತ್ತವೆ. ಇದರಿಂದ ಮೆಲ್ಲನೆಯ ಸದ್ದಿಗೆ ಪೊರೆಯ ಅಲುಗಾಟ 100 ಪಟ್ಟಿಗೂ ಹೆಚ್ಚುತ್ತದೆ. ಜೋರು ಸದ್ದು ಬಂದಾಗ ಅವು ಕೈಬಿಡುತ್ತವೆ, ಆಗ ಸಹಾಯ ಬೇಕಿಲ್ಲ. ಅತಿ ಮೆಲ್ಲನೆಯ ಸದ್ದಿನಿಂದ ಗುಡುಗಿನವರೆಗೆ ನಾವು ಕೇಳುವ ಸದ್ದುಗಳ ಒತ್ತಡದಲ್ಲಿ ಲಕ್ಷಾಂತರ ಪಟ್ಟು ವ್ಯತ್ಯಾಸವಿದೆ. ಅಷ್ಟನ್ನೂ ಒಂದೇ ಅಂಗ ತಾಳಿಕೊಳ್ಳುವುದು ಈ ತಳ್ಳುವ, ಬಿಡುವ ಹದದಿಂದ.

ಈಗ ಮೊದಲ ಪ್ರಶ್ನೆಗೆ ಉತ್ತರ ಪೂರ್ತಿಯಾಗುತ್ತದೆ. ಇಷ್ಟು ಕೋಶಗಳು ತಳ್ಳುವಾಗ ಒಂದಿಷ್ಟು ಶಕ್ತಿ ಹಿಂದಕ್ಕೂ ಸೋರುತ್ತದೆ. ಬಂದ ದಾರಿಯಲ್ಲೇ ಅಲೆ ವಾಪಸ್ ಹೊರಟು ರಿಕಾಪನ್ನು ತಳ್ಳುತ್ತದೆ, ಮೂಳೆಗಳು ಉಲ್ಟಾ ಅಲುಗುತ್ತವೆ, ಕಿವಿತಮಟೆ ಸ್ಪೀಕರಿನ ಹಾಳೆಯಾಗುತ್ತದೆ. ಹೊರಕೋಶಗಳು ಹಾಳಾದ ಕಿವಿಯಲ್ಲಿ ಈ ಸದ್ದು ಇರುವುದಿಲ್ಲ. ನಮ್ಮ ಟೆಸ್ಟ್ ನಿಂತಿರುವುದು ಇಷ್ಟರ ಮೇಲೆ.

ಪ್ರಶ್ನೆ: ನಾನು ಪಿಟೀಲು ಕಲಿಸುತ್ತೇನೆ. ಎರಡು ತಂತಿ ಒಟ್ಟಿಗೆ ಜೋರಾಗಿ ನುಡಿಸಿದಾಗ ನುಡಿಸದೇ ಇರುವ ಮೂರನೇ ದಪ್ಪ ಸ್ವರ ಕೇಳಿಸುತ್ತದೆ. ಪಿಟೀಲಿನದೋ, ನನ್ನ ಭ್ರಮೆಯೋ?

ಭ್ರಮೆಯಂತೂ ಅಲ್ಲ. ಇಟಲಿಯ ಪಿಟೀಲುಗಾರ ಟಾರ್ಟೀನಿ 1714ರಲ್ಲೇ ಇದನ್ನು ಗಮನಿಸಿ, ಶಿಷ್ಯರಿಗೆ ಶ್ರುತಿ ಸರಿ ಇದೆಯೇ ಎಂದು ನೋಡಲು ಇದನ್ನೇ ಬಳಸಲು ಹೇಳಿಕೊಟ್ಟಿದ್ದರು. ವಾದ್ಯದ ಮೈಯಿಂದಲೂ ಇಂಥ ಸ್ವರ ಸ್ವಲ್ಪ ಹುಟ್ಟಬಹುದು, ಆದರೆ ಬಹುಪಾಲು ಹುಟ್ಟುವುದು ನಿಮ್ಮ ಒಳಗಿವಿಯಲ್ಲಿ.

ಹೊರಕೋಶಗಳು ಎರಡು ಸ್ವರಗಳಿಗೆ ಒಟ್ಟಿಗೆ ಕುಣಿಯಬೇಕಾದಾಗ ಎರಡೂ ಒಂದರೊಳಗೊಂದು ಬೆರೆತು ಹೊಸ ಸ್ವರಗಳು ಏಳುತ್ತವೆ. ಒಂದು, ಎರಡರ ವ್ಯತ್ಯಾಸ. ಇನ್ನೊಂದು, ತಗ್ಗಿನ ಸ್ವರವನ್ನು ದುಪ್ಪಟ್ಟು ಮಾಡಿ ಮೇಲಿನದನ್ನು ಕಳೆದರೆ ಬರುವುದು. 2000 ಮತ್ತು 2400 ಹರ್ಟ್ಸ್ ಕೊಟ್ಟರೆ 1600 ಹರ್ಟ್ಸ್ ಏಳುತ್ತದೆ. ನಿಮಗೆ ಕೇಳಿಸುವುದಷ್ಟೇ ಅಲ್ಲ, ಕಿವಿಯಲ್ಲಿ ಮೈಕ್ ಇಟ್ಟರೆ ಆ 1600 ಹೊರಗೆ ಬರುತ್ತಿರುವುದು ಕಾಣುತ್ತದೆ. ನಾವು ಕೊಟ್ಟೇ ಇಲ್ಲದ ಸ್ವರ! ಓಎಇ ಟೆಸ್ಟಿನ ಇನ್ನೊಂದು ಬಗೆಯಲ್ಲಿ ನಾವು ಹುಡುಕುವುದು ಇದನ್ನೇ. ಎರಡು ಸ್ವರಗಳ ಜೋಡಿಯನ್ನು ಮೇಲೆ ಕೆಳಗೆ ಸರಿಸುತ್ತಾ ಹೋದರೆ ಕಾಕ್ಲಿಯಾದ ಯಾವ ಭಾಗದ ಕೋಶಗಳು ಚೆನ್ನಾಗಿವೆ, ಯಾವುವು ಸೋತಿವೆ ಎಂದು ಗೊತ್ತಾಗುತ್ತದೆ. ನೀವು ದಿನವೂ ಪಿಟೀಲಿನಲ್ಲಿ ಕೇಳುವುದು ನಿಮ್ಮ ಕಿವಿ ಚೆನ್ನಾಗಿದೆ ಎನ್ನುವುದರ ಗುರುತು.

ಪ್ರಶ್ನೆ: ರಾತ್ರಿ ಎಲ್ಲ ನಿಶ್ಶಬ್ದವಾದಾಗ ಕಿವಿಯಲ್ಲಿ "ಕುಂಯ್" ಎನ್ನುತ್ತದೆ. ಇದು ನೀವು ಹೇಳುವ ಕಿವಿಯ ಸದ್ದೇ ಇರಬೇಕು ಅಲ್ವಾ? ಹಾಗಾದರೆ ಭಯವಿಲ್ಲ ತಾನೇ?

ಅದೇ ಇರಬಹುದು, ಆದರೆ ಹೆಚ್ಚಿನ ಸಲ ಅದಲ್ಲ.

ಏನೂ ಸದ್ದು ಕೊಡದಿದ್ದರೂ ತಾನೇ ತಾನಾಗಿ ಒಂದೋ ಎರಡೋ ಸಣ್ಣ ಸ್ವರ ಹೊರಡಿಸುವ ಕಿವಿಗಳಿವೆ. ಚೆನ್ನಾಗಿ ಕೇಳಿಸುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಇದು ಸಿಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಎಡಗಿವಿಗಿಂತ ಬಲಗಿವಿಯಲ್ಲಿ ಹೆಚ್ಚು. ಆದರೆ ಆ ಕಿವಿಯ ಒಡೆಯರಿಗೆ ಅದು ಕೇಳಿಸುವುದೇ ಅಪರೂಪ. ಸದಾ ಇರುವ ಸದ್ದನ್ನು ಮಿದುಳು ಬದಿಗೆ ತಳ್ಳಿಬಿಡುತ್ತದೆ.

ನೀವು ಹೇಳುವ ಗುಂಯ್‌ಗುಡುವುದು ಸಾಮಾನ್ಯವಾಗಿ ಬೇರೆ ಕಡೆಯಿಂದ ಬರುತ್ತದೆ. ಕಿವಿಯಿಂದ ಕೆಲವು ಸ್ವರಗಳ ಸುದ್ದಿ ಕಡಿಮೆಯಾದಾಗ ಮಿದುಳು ತನ್ನ ವಾಲ್ಯೂಮ್ ಹೆಚ್ಚಿಸಿಕೊಳ್ಳುತ್ತದೆ, ಆಗ ನರಗಳ ಒಳಗಿನ ಸಹಜ ಸದ್ದೇ ಸ್ವರವಾಗಿ ಕೇಳಿಸುತ್ತದೆ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎನ್ನುವ ಇಬ್ಬರು, ಕಿವಿ ಚೆನ್ನಾಗಿರುವ 80 ಜನರನ್ನು ಒಬ್ಬೊಬ್ಬರನ್ನಾಗಿ ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಏನು ಕೇಳಿಸುತ್ತದೆ ಹೇಳಿ ಎಂದರು. ನೂರಕ್ಕೆ 94ರಷ್ಟು ಜನ ಏನೋ ಒಂದು ಸದ್ದು ಕೇಳಿಸಿತು ಎಂದರು. ಹಾಗಾಗಿ ಪೂರ್ತಿ ನಿಶ್ಶಬ್ದದಲ್ಲಿ ಮೆಲ್ಲಗೆ ಕೇಳಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಫ್ಯಾನ್ ಸದ್ದು, ಮೆಲ್ಲನೆಯ ಹಾಡು ಇಟ್ಟುಕೊಂಡು ಮಲಗಿದರೆ ಎಷ್ಟೋ ಜನರಿಗೆ ಆರಾಮಾಗುತ್ತದೆ.

ಆದರೆ ಕೆಲವು ಗುರುತುಗಳಿಗೆ ಕಾಯಬಾರದು. ಒಂದೇ ಕಿವಿಯಲ್ಲಿ ಬಿಡದೆ ಬಂದರೆ, ಎದೆಬಡಿತದ ತಾಳಕ್ಕೆ "ಧಸ್ ಧಸ್" ಎಂದರೆ, ತಲೆಸುತ್ತು ಜೊತೆಗಿದ್ದರೆ ಇಎನ್‌ಟಿ ಡಾಕ್ಟರನ್ನು ನೋಡಿ. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳಿಸದಾದರೆ ಅದೇ ದಿನ ಹೋಗಿ. ಕಿವಿಯ ಗುಗ್ಗೆ ಇರಬೇಕು ಎಂದು ಎಣ್ಣೆ ಬಿಟ್ಟುಕೊಂಡು ತಿಂಗಳು ಕಳೆದವರಿದ್ದಾರೆ. ಅದರ ಔಷಧಿ ಮೊದಲ ಕೆಲವು ದಿನಗಳಲ್ಲಿ ಕೊಟ್ಟರೆ ಮಾತ್ರ ಹೆಚ್ಚು ಪ್ರಯೋಜನ.

ಪ್ರಶ್ನೆ: ನಮ್ಮ ತಂದೆಗೆ 72. "ಸ್ವಲ್ಪ ಜೋರಾಗಿ ಹೇಳೋ" ಅನ್ನುತ್ತಾರೆ. ಜೋರಾಗಿ ಹೇಳಿದರೆ "ಯಾಕೆ ಹಂಗೆ ಕಿರುಚ್ತೀಯಾ" ಅಂತ ಬೈಯುತ್ತಾರೆ. ಮನೆಯವರಿಗೆಲ್ಲ ಸಾಕಾಗಿದೆ. ಇದು ಹಟವೋ, ಕಾಯಿಲೆಯೋ?

ಹಟವಲ್ಲ, ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಅವರು ಹೇಳುವ ಎರಡು ಮಾತೂ ನಿಜ.

ವಯಸ್ಸಾದಂತೆ ಮೊದಲು ಸೋಲುವುದು ಹೊರಸಾಲಿನ ಕೋಶಗಳು, ಅದರಲ್ಲೂ ಬಾಗಿಲ ಹತ್ತಿರ ಇರುವ, ಕೀಚಲು ಸದ್ದಿಗೆ ಕುಣಿಯುವ ಕೋಶಗಳು. ಮೆಲ್ಲನೆಯ ಸದ್ದನ್ನು ಎತ್ತಿ ಕೊಡುವವರು ಇಲ್ಲವಾದ ಮೇಲೆ ಮೆಲ್ಲನೆಯದು ಕೇಳಿಸುವುದಿಲ್ಲ. ಜೋರು ಸದ್ದಿಗೆ ಮೊದಲೂ ಅವರ ಸಹಾಯ ಬೇಕಿರಲಿಲ್ಲ, ಹಾಗಾಗಿ ಅದು ಮೊದಲಿನಷ್ಟೇ ಜೋರಾಗಿ ಬಡಿಯುತ್ತದೆ. ನಡುವೆ ಹಿತವಾಗಿ ಕೇಳುವ ಜಾಗ ಕಿರಿದಾಗಿ ಹೋಗಿದೆ. ನೀವು ದನಿ ಏರಿಸುವಾಗ ಒಂದೇ ಹೆಜ್ಜೆಗೆ ಆ ಕಿರಿದಾದ ಜಾಗ ದಾಟಿಬಿಡುತ್ತೀರಿ.

ಇನ್ನೊಂದು ವಿಷಯ. ಮಾತಿನಲ್ಲಿ ಅ, ಆ, ಒ ಥರದ ಸ್ವರಗಳು ದಪ್ಪ ಸದ್ದು, ಸ, ಶ, ತ, ಕ ಥರದವು ಕೀಚಲು ಸದ್ದು. ಅವರಿಗೆ ಮೊದಲನೆಯದು ಕೇಳಿಸುತ್ತದೆ, ಎರಡನೆಯದು ಉದುರಿಹೋಗಿದೆ. "ತಲೆ" ಅಂದಿರೋ "ಕಲೆ" ಅಂದಿರೋ, "ಸರಿ" ಅಂದಿರೋ "ಕರಿ" ಅಂದಿರೋ ಗೊತ್ತಾಗುವುದಿಲ್ಲ. "ಕೇಳಿಸುತ್ತೆ, ಆದ್ರೆ ಏನು ಅಂತ ತಿಳಿಯಲ್ಲ" ಎಂದು ಹಿರಿಯರು ಹೇಳುವುದನ್ನು ದಿನವೂ ಕೇಳುತ್ತೇನೆ, ಇಷ್ಟು ಕರಾರುವಾಕ್ಕಾಗಿ ನಾನು ಕೂಡ ಹೇಳಲಾರೆ. ನಾಲ್ಕು ಜನ ಒಟ್ಟಿಗೆ ಮಾತಾಡುವ ಕಡೆ ಇನ್ನೂ ಕಷ್ಟ. ಎಡ ಬಲ ಕಿವಿಗಳಿಗೆ ಸದ್ದು ಮುಟ್ಟುವುದರಲ್ಲಿ ಒಂದು ಮಿಲಿಸೆಕೆಂಡಿಗೂ ಕಡಿಮೆ ವ್ಯತ್ಯಾಸ ಇರುತ್ತದೆ, ಮಿದುಳಿನ ಬುಡ ಅದನ್ನು ಅಳೆದೇ ಯಾರ ದನಿ ಯಾವ ಕಡೆಯದು ಎಂದು ಬಿಡಿಸುತ್ತದೆ. ಒಳಗಿವಿಯಿಂದ ಬರುವ ಸುದ್ದಿಯೇ ಮಸುಕಾದರೆ ಮಿದುಳಾದರೂ ಎಷ್ಟು ಬಿಡಿಸೀತು?

ಎದುರಿಗೆ ಬಂದು, ಮುಖ ಕಾಣುವ ಹಾಗೆ ಕೂತು, ಕೂಗದೆ ನಿಧಾನವಾಗಿ ಮಾತಾಡಿ. ಟಿವಿ ಆರಿಸಿ ಮಾತಾಡಿ. ಶ್ರವಣ ಪರೀಕ್ಷೆ ಮಾಡಿಸಿ. ಈಗಿನ ಹಿಯರಿಂಗ್ ಏಡ್ ಎಲ್ಲವನ್ನೂ ಒಂದೇ ಸಮ ಜೋರು ಮಾಡುವುದಿಲ್ಲ, ಮೆಲ್ಲನೆಯದನ್ನು ಜಾಸ್ತಿ ಎತ್ತಿ ಜೋರಾದದ್ದನ್ನು ಹಾಗೇ ಬಿಡುತ್ತದೆ. ಹೊರಕೋಶಗಳು ಮಾಡುತ್ತಿದ್ದ ಕೆಲಸದ ಒಂದು ಪಾಲು ಅದು. ಮೊದಲ ಕೆಲವು ವಾರ ಅವರಿಗೆ ಕಿರಿಕಿರಿಯಾಗುತ್ತದೆ, ಬಹಳ ಜನ ಅಲ್ಲೇ ಡಬ್ಬಿಯಲ್ಲಿ ಇಟ್ಟುಬಿಡುತ್ತಾರೆ. ಆಗ ಪಕ್ಕದಲ್ಲಿರಿ.

ಪ್ರಶ್ನೆ: ಇಯರ್‌ಫೋನ್ ಎಷ್ಟು ಹೊತ್ತು ಹಾಕಬಹುದು? ಒಂದು ಸಲ ಹೋದ ರೋಮಕೋಶ ಮತ್ತೆ ಬೆಳೆಯುತ್ತದೆಯೇ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ದೊಡ್ಡವರಿಗೆ ವಾರಕ್ಕೆ 40 ಗಂಟೆ, ಅದೂ 80 ಡೆಸಿಬಲ್‌ನಲ್ಲಿ. ಪ್ರತಿ 3 ಡೆಸಿಬಲ್ ಏರಿಸಿದರೆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 83ರಲ್ಲಿ 20 ಗಂಟೆ, 86ರಲ್ಲಿ 10, 92ಕ್ಕೆ ಹೋದರೆ ವಾರಕ್ಕೆ ಎರಡೂವರೆ ಗಂಟೆ ಮಾತ್ರ. ಫೋನು ಕೆಂಪು ಗೆರೆ ತೋರಿಸಿದರೆ ಅದನ್ನು ನಂಬಿ.

ಮತ್ತೆ ಬೆಳೆಯುವುದಿಲ್ಲ. ಹಕ್ಕಿಗಳಲ್ಲಿ ಬೆಳೆಯುತ್ತದೆ. ಕೋಳಿಮರಿಯ ಕಿವಿ ಜೋರು ಸದ್ದಿಗೆ ಹಾಳಾದರೂ ಕೆಲವು ವಾರಗಳಲ್ಲಿ ಹೊಸ ರೋಮಕೋಶ ಹುಟ್ಟಿ ಮತ್ತೆ ಕೇಳಿಸತೊಡಗುತ್ತದೆ ಎಂದು 1980ರ ದಶಕದಲ್ಲಿ ಗೊತ್ತಾಯಿತು. ನಮಗೆ ಆ ಭಾಗ್ಯ ಇಲ್ಲ, ಹುಟ್ಟುವಾಗ ಬಂದಷ್ಟೇ. ಜೋರು ಸಂಗೀತದ ಕಾರ್ಯಕ್ರಮ ಮುಗಿಸಿ ಬಂದಾಗ ಕಿವಿ ಕಟ್ಟಿದಂತಾಗಿ, ಬೆಳಗ್ಗೆ ಸರಿಹೋದರೆ ಏನೂ ಆಗಿಲ್ಲ ಎಂದು ನಾವೂ ಹೇಳುತ್ತಿದ್ದೆವು. ಇಲಿಗಳ ಮೇಲೆ 2009ರಲ್ಲಿ ನಡೆದ ಅಧ್ಯಯನದ ನಂತರ ಹಾಗೆ ಹೇಳಲು ಧೈರ್ಯವಿಲ್ಲ. ಕೇಳುವಿಕೆ ವಾಪಸ್ ಬಂದಿತ್ತು, ಕೋಶಗಳೂ ಇದ್ದವು, ಆದರೆ ಕೋಶಕ್ಕೂ ನರಕ್ಕೂ ಇದ್ದ ಕೊಂಡಿಗಳು ದೊಡ್ಡ ಸಂಖ್ಯೆಯಲ್ಲಿ ಕಳಚಿಹೋಗಿದ್ದವು.

ಪ್ರಶ್ನೆ: ನಾನು ಏಳನೇ ಕ್ಲಾಸ್. ನಾವು ಮಲಗಿದಾಗ ಕಿವಿಯೂ ಮಲಗುತ್ತದಾ?

ಇಲ್ಲ ಪುಟ್ಟಾ, ಕಿವಿಗೆ ರೆಪ್ಪೆ ಇಲ್ಲ. ನೀನು ಮಲಗಿದಾಗಲೂ ಆ ಕೋಶಗಳು ಬಂದ ಸದ್ದಿಗೆಲ್ಲ ಕುಣಿಯುತ್ತಲೇ ಇರುತ್ತವೆ, ನರಕ್ಕೆ ಸುದ್ದಿ ಕಳಿಸುತ್ತಲೇ ಇರುತ್ತವೆ. ಮಿದುಳು ಮಾತ್ರ ಒಳಗೆ ಬಾಗಿಲು ಹಾಕಿಕೊಂಡು ಬಹುಪಾಲು ಸುದ್ದಿಯನ್ನು ಹೊರಗೇ ನಿಲ್ಲಿಸುತ್ತದೆ. ಆದರೂ ಯಾರಾದರೂ ನಿನ್ನ ಹೆಸರು ಹಿಡಿದು ಕರೆದರೆ ಬೇಗ ಎಚ್ಚರವಾಗುತ್ತದೆ, ಗಮನಿಸಿದ್ದೀಯಾ? ಮೊದಲನೇ ಪ್ರಶ್ನೆಯ ಆ ಪಾಪುವಿಗೆ ನಿದ್ದೆಯಲ್ಲೇ ಟೆಸ್ಟ್ ಮಾಡಲು ಆಗಿದ್ದೂ ಇದರಿಂದಲೇ. ಎಚ್ಚರ ಇದ್ದಿದ್ದರೆ ಅತ್ತು ಗಲಾಟೆ ಮಾಡುತ್ತಿತ್ತು, ಆ ಗಲಾಟೆಯಲ್ಲಿ ಅದರ ಕಿವಿಯ ಸಣ್ಣ ಸದ್ದು ನಮ್ಮ ಮೈಕಿಗೆ ಕೇಳಿಸುತ್ತಲೇ ಇರಲಿಲ್ಲ.